ಲೇಟೆಕ್ಸ್ ಹಾಸಿಗೆ: ಮರದ ಹಾಲಿನದ್ದೇ ಆಗಬೇಕಾ?

ಹೊಸಮನೆ:
ಅಮ್ಮನಿಗೆ ಲೇಟೆಕ್ಸ್ ಹಾಸಿಗೆ ನೋಡುತ್ತಿದ್ದೇವೆ. ಅಂಗಡಿಯವರು 'ಪೂರ್ತಿ ನ್ಯಾಚುರಲ್' ಅಂದರು. ಲೇಬಲ್ ನೋಡಿದರೆ ಎಸ್‌ಬಿಆರ್ ಬ್ಲೆಂಡ್ ಅಂತ ಇದೆ. ಇದು ಮೋಸ ಅಲ್ವಾ? ಅಮ್ಮನಿಗೆ ರಬ್ಬರ್ ಗ್ಲೌಸ್ ಹಾಕಿದರೆ ಕೈ ತುರಿಸುತ್ತದೆ, ಅದೂ ಒಂದು ಚಿಂತೆ.

ಸುಳ್ಯದ ತೋಟ:
ಖಂಡಿತ ಮೋಸ. ಎಸ್‌ಬಿಆರ್ ಅಂದರೆ ಕಾರ್ಖಾನೆಯಲ್ಲಿ ಮಾಡುವ ಕೃತಕ ರಬ್ಬರ್, ಅದು ಬರುವುದು ಪೆಟ್ರೋಲಿಯಂನಿಂದ. ನಾವು ಬೆಳಗಿನ ಜಾವ ರಬ್ಬರ್ ಮರದ ತೊಗಟೆ ಗೀರಿ (ಟ್ಯಾಪಿಂಗ್ ಮಾಡಿ) ಗೆರಟೆಯಲ್ಲಿ ಹಿಡಿಯುವ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ರಬ್ಬರ್, ಉಳಿದದ್ದು ಹೆಚ್ಚಾಗಿ ನೀರು. ಆ ರಬ್ಬರಿನ ಎಳೆತಕ್ಕೆ ಯಾವುದೂ ಸಮ ಇಲ್ಲ. ವಿಮಾನದ ಟಯರಿಗೆ ಇವತ್ತಿಗೂ ಮರದ ರಬ್ಬರೇ ಜಾಸ್ತಿ ಬೇಕು.

ಪಾಲಿಮರ್ ಲ್ಯಾಬ್:
ಹೇಳಿದ್ದೊಂದು, ಕೊಟ್ಟಿದ್ದೊಂದು ಆದರೆ ಮೋಸವೇ. ಆದರೆ ಎಸ್‌ಬಿಆರ್ ಕೀಳು ಅನ್ನುವುದನ್ನು ಒಪ್ಪುವುದಿಲ್ಲ. ಸ್ಟೈರೀನ್ ಮತ್ತು ಬ್ಯುಟಾಡೈಯೀನನ್ನು ಸೋಪಿನ ಗುಣದ ವಸ್ತು ಬೆರೆಸಿದ ನೀರಿನಲ್ಲಿ ಬೆಸೆದಾಗ ಅಲ್ಲೂ ಬಿಳಿ ದ್ರವವೇ ಸಿಗುತ್ತದೆ. ನೀರಿನಲ್ಲಿ ತೇಲುವ ಸಣ್ಣ ಸಣ್ಣ ರಬ್ಬರ್ ಕಣಗಳು, ಅಷ್ಟೇ. ಟಯರಿನ ಮಾತು ನಿಜ. ಮರದ ರಬ್ಬರನ್ನು ಜೋರಾಗಿ ಎಳೆದಾಗ ಅಣುಗಳ ಸರಪಳಿ ಸಾಲಾಗಿ ಜೋಡಿಕೊಂಡು ಗಟ್ಟಿಯಾಗುತ್ತದೆ, ಎಸ್‌ಬಿಆರ್‌ನಲ್ಲಿ ಹಾಗಾಗುವುದಿಲ್ಲ. ಆದರೆ ಹಾಸಿಗೆಯನ್ನು ಯಾರೂ ಎಳೆಯುವುದಿಲ್ಲ, ಅದರ ಮೇಲೆ ಮಲಗುತ್ತಾರೆ. ಫೋಮ್ ಎಷ್ಟು ದಟ್ಟವಾಗಿದೆ, ಸರಿಯಾಗಿ ವಲ್ಕನೈಸ್ ಆಗಿದೆಯಾ (ಅಂದರೆ ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಗಟ್ಟಿ ಮಾಡಿದ್ದಾರಾ), ಅದನ್ನು ಕೇಳಿ. ಇನ್ನು ಎಣ್ಣೆ ತಾಗಿದರೆ ಮರದ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗ್ಯಾರೇಜಿನವರು ನೈಟ್ರೈಲ್ ಅನ್ನುವ, ಎಣ್ಣೆ ತಡೆಯುವ ಕೃತಕ ರಬ್ಬರಿನ ಗ್ಲೌಸ್ ಹಾಕುವುದು ಅದಕ್ಕೇ.

ಸುಳ್ಯದ ತೋಟ:
ಹಾಸಿಗೆಗೆ ಎಣ್ಣೆ ಯಾರು ಸುರಿಯುತ್ತಾರೆ ಮೇಡಂ? ನ್ಯಾಚುರಲ್ ಅಂತ ಹೇಳಿ ದುಡ್ಡು ತೆಗೆದುಕೊಂಡ ಮೇಲೆ ಮರದ್ದೇ ಕೊಡಬೇಕು. ಬೆಳೆಗಾರನಿಗೂ ಅದರಿಂದಲೇ ಅನ್ನ.

ಆಸ್ಪತ್ರೆ ಡ್ಯೂಟಿ:
ನೀವಿಬ್ಬರೂ ಅಮ್ಮನ ತುರಿಕೆಯನ್ನೇ ಬಿಟ್ಟುಬಿಟ್ಟಿರಿ. ಮರದ ಹಾಲಿನಲ್ಲಿ ಪ್ರೋಟೀನ್ ಇರುತ್ತದೆ. ಕೆಲವರ ಮೈಗೆ ಅದು ಆಗಿಬರುವುದಿಲ್ಲ. ತುರಿಕೆಯಿಂದ ಶುರುವಾಗಿ ಉಸಿರಾಟಕ್ಕೆ ತೊಂದರೆಯಾಗುವವರೆಗೂ ಹೋಗಬಹುದು. ಗ್ಲೌಸಿನ ಪುಡಿ ಆ ಪ್ರೋಟೀನನ್ನು ಗಾಳಿಗೂ ಸೇರಿಸುತ್ತದೆ. ಅಮೆರಿಕದಲ್ಲಿ 2017ರಿಂದ ಪುಡಿ ಹಾಕಿದ ವೈದ್ಯಕೀಯ ಗ್ಲೌಸ್‌ಗೆ ನಿಷೇಧ ಇದೆ. ಎಸ್‌ಬಿಆರ್, ನೈಟ್ರೈಲ್‌ನಲ್ಲಿ ಆ ಪ್ರೋಟೀನ್ ಇಲ್ಲ. ಆದರೆ ವಲ್ಕನೈಸ್ ಬೇಗ ಆಗಲಿ ಅಂತ ಹಾಕುವ ಕೆಮಿಕಲ್‌ನಿಂದಲೂ ಚರ್ಮ ಕೆಂಪಾಗಬಹುದು. ಅದು ಮರದ ರಬ್ಬರ್, ಕೃತಕ ರಬ್ಬರ್ ಎರಡೂ ಬಗೆಯ ಗ್ಲೌಸ್‌ನಲ್ಲಿ ಇರಬಹುದು. ಅಮ್ಮನಿಗೆ ಯಾವುದು ಆಗುವುದಿಲ್ಲ ಅಂತ ಪರೀಕ್ಷೆ ಮಾಡಿಸದೆ ಹಾಸಿಗೆ ತರಬೇಡಿ.

ಸುಳ್ಯದ ತೋಟ:
ಕಾರ್ಖಾನೆಯಲ್ಲಿ ಫೋಮನ್ನು ಚೆನ್ನಾಗಿ ತೊಳೆಯುತ್ತಾರೆ. ಪ್ರೋಟೀನ್ ತುಂಬಾ ಕಡಿಮೆಯಾಗುತ್ತದೆ. ಸುಮ್ನೆ ಹೆದರಿಸಬೇಡಿ.

ಆಸ್ಪತ್ರೆ ಡ್ಯೂಟಿ:
ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಅನ್ನುವ ಹಾಗಿಲ್ಲ. ನಿಜವಾದ ಅಲರ್ಜಿ ಇದ್ದವರಿಗೆ ಸ್ವಲ್ಪವೂ ಸಾಕು. ಬ್ಲೆಂಡ್ ಅಂದರೆ ಅದರಲ್ಲೂ ಮರದ ಹಾಲು ಇದ್ದೇ ಇರುತ್ತದೆ, ಗಮನಿಸಿ.

ಹೊಸಮನೆ:
ಬ್ಲೆಂಡ್ ಆದರೆ ಅಮ್ಮನಿಗೆ ತೊಂದರೆ ಇಲ್ಲ ಅಂದುಕೊಳ್ಳುತ್ತಿದ್ದೆವು, ಹೇಳಿದ್ದು ಒಳ್ಳೆಯದಾಯಿತು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಈ ವಾರ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ.