ಬೆನೆಟ್‌ನನ್ನು ಬಿಡಲಾ, ಬೆಳೆಸಲಾ? ಗೆನ್ಶಿನ್ ಆಡುವವರ ಅನುಭವ

ಮುಧೋಳದಿಂದ ಕೇಳಿದ್ದು:

ಅಣ್ಣಾರೆ, ಅಕ್ಕಾರೆ, ಒಂದು ಸಲಹೆ ಬೇಕಿತ್ತು. ಗೆನ್ಶಿನ್ ಇಂಪ್ಯಾಕ್ಟ್ ಅನ್ನುವ ವಿಡಿಯೋ ಗೇಮ್ ಆಡಲು ಶುರು ಮಾಡಿ ನಾಲ್ಕು ತಿಂಗಳಾಯ್ತು. ಫೋನಿನಲ್ಲೇ ಆಡುತ್ತೇನೆ. ಅದರಲ್ಲಿ ನಾನು ಬೆಳೆಸುತ್ತಿರುವ ಕ್ಯಾರೆಕ್ಟರ್ ಬೆನೆಟ್ ಈಗ ಲೆವೆಲ್ 60. ಅಟ್ಯಾಕ್ (ಹೊಡೆತದ ಬಲ) ಜಾಸ್ತಿ ಇರುವ ಆರ್ಟಿಫ್ಯಾಕ್ಟ್‌ಗಳನ್ನೇ (ಕ್ಯಾರೆಕ್ಟರ್‌ಗೆ ತೊಡಿಸುವ ವಸ್ತುಗಳು) ಹುಡುಕಿ ಹುಡುಕಿ ಹಾಕಿದ್ದೇನೆ. ಆದರೂ ಡ್ಯಾಮೇಜ್ ಬರುತ್ತಿಲ್ಲ. ಎಲ್ಲರೂ ಅವನನ್ನು ಹೊಗಳುತ್ತಾರೆ, ನನ್ನ ಕೈಯಲ್ಲಿ ಮಾತ್ರ ಹೀಗೆ. ಅವನನ್ನು ಬಿಟ್ಟು 5 ಸ್ಟಾರ್‌ನ ಅಪರೂಪದ ಕ್ಯಾರೆಕ್ಟರ್ ಯಾರಾದರೂ ಸಿಗುವವರೆಗೆ ಕಾಯಲಾ? ಒಂದು ಕ್ಯಾರೆಕ್ಟರ್‌ನ ಬಲ ಯಾವುದು, ಕೊರತೆ ಯಾವುದು ಅಂತ ನೀವೆಲ್ಲ ಹೇಗೆ ತಿಳ್ಕೊಳ್ತೀರಿ?

ಬೆಳಗಾವಿಯಿಂದ:

ತಮ್ಮಾ, ಮೊದಲು ಒಂದು ಮಾತು. ಬೆನೆಟ್‌ನನ್ನು ಬಿಡಬೇಡ. ನೀನು ಅವನ ಕೈಯಲ್ಲಿ ಅವನದಲ್ಲದ ಕೆಲಸ ಮಾಡಿಸುತ್ತಿದ್ದೀಯ, ಅಷ್ಟೇ. ನಾನೂ ಒಂದು ವರ್ಷ ಅದನ್ನೇ ಮಾಡಿದವನು. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಯಾವುದೇ ಕ್ಯಾರೆಕ್ಟರ್ ಸಿಕ್ಕರೂ ನಾನು ಮೊದಲು ಸ್ಟಾರ್ ನೋಡುವುದಿಲ್ಲ. ಇವರ ಬಲ ಯಾವ ಅಂಕಿಯಿಂದ ಬೆಳೆಯುತ್ತದೆ ಅಂತ ನೋಡುತ್ತೇನೆ. ಟ್ಯಾಲೆಂಟ್ ಪುಟದಲ್ಲಿ ಅದು ಬರೆದೇ ಇರುತ್ತದೆ, ಯಾರೂ ಓದುವುದಿಲ್ಲ. ಬೆನೆಟ್‌ನ ಬರ್ಸ್ಟ್, ಅಂದರೆ ಎನರ್ಜಿ ತುಂಬಿದಾಗ ಹಾಕುವ ದೊಡ್ಡ ಶಕ್ತಿ, ನೆಲದ ಮೇಲೆ ಒಂದು ವೃತ್ತ ಹಾಕಿ ಎರಡು ಕೆಲಸ ಮಾಡುತ್ತದೆ. ವೃತ್ತದೊಳಗೆ ನಿಂತವರ ಎಚ್‌ಪಿ (ಉಳಿದಿರುವ ಜೀವ) 70% ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೀಲ್ ಮಾಡುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಅವರ ಅಟ್ಯಾಕ್ ಏರಿಸುತ್ತದೆ. ಹೀಲ್ ಲೆಕ್ಕ ಬೆನೆಟ್‌ನ ಒಟ್ಟು ಎಚ್‌ಪಿ ಮೇಲೆ. ಅಟ್ಯಾಕ್ ಏರಿಕೆಯ ಲೆಕ್ಕ ಅವನ ಬೇಸ್ ಅಟ್ಯಾಕ್ ಮೇಲೆ.

ಈಗ ನಿನ್ನ ಫೋನಿನಲ್ಲಿ ಬೆನೆಟ್‌ನ ವಿವರ ತೆರೆದು ನೋಡು. ಅಟ್ಯಾಕ್ ಮುಂದೆ ಒಂದು ಬಿಳಿ ಅಂಕಿ ಇದೆ, ಅದಕ್ಕೆ ಕೂಡಿಸಿದ ಒಂದು ಹಸಿರು ಅಂಕಿ ಇದೆ. ಬಿಳಿಯದು ಬೇಸ್. ಅದು ಅವನ ಲೆವೆಲ್ ಮತ್ತು ಕತ್ತಿ, ಇವೆರಡರಿಂದ ಮಾತ್ರ ಬರುತ್ತದೆ. ನೀನು ಹುಡುಕಿ ಹಾಕಿದ ಆರ್ಟಿಫ್ಯಾಕ್ಟ್‌ಗಳೆಲ್ಲ ಹಸಿರು ಅಂಕಿಗೆ ಹೋಗಿವೆ. ಹಸಿರಿನಿಂದ ಬೆನೆಟ್‌ನ ಬಫ್‌ಗೆ, ಅಂದರೆ ಅವನು ಕೊಡುವ ಅಟ್ಯಾಕ್ ಏರಿಕೆಗೆ, ಒಂದು ಚೂರೂ ಲಾಭ ಇಲ್ಲ. ಟಿಳಕವಾಡಿಯ ರೂಮಿನಲ್ಲಿ ಒಂದು ರಾತ್ರಿ ಗೆಳೆಯನೊಬ್ಬ ನನ್ನ ಫೋನ್ ಕಿತ್ತುಕೊಂಡು ಆ ಬಿಳಿ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದ. ಅವತ್ತಿನಿಂದ ನಾನು ಆಟ ಆಡುವ ರೀತಿಯೇ ಬದಲಾಯ್ತು.

ಲೆಕ್ಕ ಹಾಕೋಣ. ಲೆವೆಲ್ 90ರಲ್ಲಿ ಬೆನೆಟ್‌ನದೇ ಬೇಸ್ ಅಟ್ಯಾಕ್ 191. ಪ್ರೊಟೊಟೈಪ್ ರ‍್ಯಾಂಕರ್ ಕತ್ತಿ ಕಮ್ಮಾರನ ಹತ್ತಿರ ಮಾಡಿಸಿಕೊಳ್ಳಬಹುದು, ಕಾಸು ಬೇಡ. ಲೆವೆಲ್ 90ರಲ್ಲಿ ಅದರ ಬೇಸ್ 565. ಕೂಡಿದರೆ 756. ಫೆವೋನಿಯಸ್ ಕತ್ತಿ ಕೊಟ್ಟರೆ 454 ಮಾತ್ರ, ಒಟ್ಟು 645. ಬರ್ಸ್ಟ್ ಲೆವೆಲ್ 1ರಲ್ಲಿ ಬೇಸ್‌ನ 56% ಹಂಚುತ್ತಾನೆ. ಅಂದರೆ ಮೊದಲ ಕತ್ತಿಗೆ 423, ಎರಡನೆಯದಕ್ಕೆ 361. ಬರ್ಸ್ಟ್ ಲೆವೆಲ್ ಏರಿದ ಹಾಗೆ ಈ ಅಂತರವೂ ಏರುತ್ತದೆ. ಹಾಗಂತ ಫೆವೋನಿಯಸ್ ಕೆಟ್ಟದ್ದಲ್ಲ. ಅದು ಎನರ್ಜಿ ಕೊಡುತ್ತದೆ. ಬರ್ಸ್ಟ್ ತುಂಬದೇ ಹೋದರೆ 423 ಇದ್ದು ಏನು ಮಾಡ್ತೀಯ?

ನಾನು ನೋಡುವ ಎರಡನೆಯ ವಿಷಯ ಗಡಿಯಾರ. ನಾವು ನಿಜವಾಗಿಯೂ ಸ್ಟಾಪ್‌ವಾಚ್ ಇಟ್ಟು ನೋಡಿದ್ದೇವೆ. ಹೊರಗೆ ಜುಲೈ ಮಳೆ, ಕರೆಂಟ್ ಹೋಗಿತ್ತು. ಒಬ್ಬ ಆಡುತ್ತಿದ್ದ, ಒಬ್ಬ ಸೆಕೆಂಡ್ ಎಣಿಸುತ್ತಿದ್ದ. ವೃತ್ತ ಇರುವುದು 12 ಸೆಕೆಂಡ್. ಮತ್ತೆ ಹಾಕಲು ಶುರುವಿನಿಂದ 15 ಸೆಕೆಂಡ್ ಆಗಬೇಕು. ಅಂದರೆ ನಡುವೆ ಖಾಲಿ ಉಳಿಯುವುದು ಮೂರೇ ಸೆಕೆಂಡ್. 60 ಎನರ್ಜಿ ತುಂಬಿರಬೇಕು ಅನ್ನುವುದೊಂದೇ ಷರತ್ತು. ಅವನ ಸ್ಕಿಲ್ (ಚಿಕ್ಕ ಶಕ್ತಿ) ಒಮ್ಮೆ ಒತ್ತಿ ಬಿಟ್ಟರೆ 5 ಸೆಕೆಂಡಿನೊಳಗೆ ಮತ್ತೆ ಸಿದ್ಧ, ಅದರಿಂದ ಎನರ್ಜಿ ಹುಟ್ಟುತ್ತಲೇ ಇರುತ್ತದೆ. ನನ್ನ ಬೆನೆಟ್‌ಗೆ ಎನರ್ಜಿ ರೀಚಾರ್ಜ್ (ಎನರ್ಜಿ ತುಂಬುವ ವೇಗ) 210% ಇಟ್ಟಿದ್ದೇನೆ. ಅದಕ್ಕಿಂತ ಕಡಿಮೆ ಇದ್ದಾಗ ಆಗಾಗ ಬರ್ಸ್ಟ್ ತುಂಬದೇ ಕೈಕೊಡುತ್ತಿತ್ತು.

ಅವನ ಕೊರತೆಗಳನ್ನೂ ಹೇಳಿಬಿಡ್ತೀನಿ. ವೃತ್ತ ಹಾಕಿದಲ್ಲೇ ಇರುತ್ತದೆ, ಜೊತೆಗೆ ಬರುವುದಿಲ್ಲ. ಓಡಾಡುವ ಬಾಸ್ ಎದುರಿದ್ದರೆ ಅರ್ಧ ಬಲ ನೆಲದಲ್ಲೇ ವ್ಯರ್ಥ. ಇನ್ನೊಂದು, ಅವನು ಕೊಡುವುದು ಅಟ್ಯಾಕ್. ಎಚ್‌ಪಿಯಿಂದ ಬೆಳೆಯುವ ಯೆಲಾನ್‌ಗೆ, ಡಿಫೆನ್ಸ್‌ನಿಂದ ಸ್ಕಿಲ್ ಬೆಳೆಯುವ ಅಲ್ಬೆಡೋಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಹು ತಾವ್ ಕಥೆ ಇನ್ನೂ ಬೇರೆ. ಅವಳ ಎಚ್‌ಪಿ ಅರ್ಧಕ್ಕಿಂತ ಮೇಲೆ ಹೋಗಬಾರದು, ಆಗಲೇ 33% ಹೆಚ್ಚಿನ ಬೆಂಕಿ ಡ್ಯಾಮೇಜ್. ಬೆನೆಟ್ ಅವಳನ್ನು 70% ದಾಟಿಸುವವರೆಗೂ ಹೀಲ್ ಮಾಡಿಬಿಡುತ್ತಾನೆ. ಇಬ್ಬರೂ ಒಳ್ಳೆಯವರೇ, ಜೋಡಿ ಮಾತ್ರ ಕೂಡುವುದಿಲ್ಲ. ನಮ್ಮ ಕಡೆ ಕುಸ್ತಿಯಲ್ಲಿ ಹಿರಿಯರು ಜೋಡಿ ಹಚ್ಚುವಾಗ ಪೈಲ್ವಾನನನ್ನು ಒಬ್ಬನನ್ನೇ ನೋಡಿ ತೀರ್ಮಾನ ಮಾಡ್ತಾರಾ? ಎದುರಿಗೆ ಯಾರು ಅಂತ ಕೇಳಿಯೇ ಮಾಡ್ತಾರೆ.

ಆರ್ಟಿಫ್ಯಾಕ್ಟ್‌ಗೆ ನೊಬ್ಲೆಸ್ ಒಬ್ಲೀಜ್ ಅನ್ನುವ ಸೆಟ್‌ನ ನಾಲ್ಕು ಹಾಕು. ಅವನು ಬರ್ಸ್ಟ್ ಹಾಕಿದಾಗ ಇಡೀ ಟೀಮಿಗೆ 20% ಅಟ್ಯಾಕ್, ಅದೂ 12 ಸೆಕೆಂಡ್. ವೃತ್ತದ ಸಮಯಕ್ಕೆ ಸರಿಯಾಗಿ ಕೂಡುತ್ತದೆ. ಗಡಿಯಾರದಾಕಾರದ್ದರಲ್ಲಿ ಎನರ್ಜಿ ರೀಚಾರ್ಜ್, ಬಟ್ಟಲಿನಲ್ಲಿ ಎಚ್‌ಪಿ, ಕಿರೀಟದಲ್ಲಿ ಹೀಲಿಂಗ್.

ವಿಜಯಪುರದಿಂದ:

ಬೆಳಗಾವಿ ಅಣ್ಣ ಹೇಳಿದ್ದು ಸರಿ. ನಾನು ಒಂದೇ ವಿಷಯ ಸೇರಿಸ್ತೀನಿ. ಕೊರತೆ ಕಾಣಬೇಕು ಅಂದರೆ ಆ ಕ್ಯಾರೆಕ್ಟರ್‌ಗೆ ಆಗದ ಶತ್ರುವಿನ ಎದುರು ಬೇಕಂತಲೇ ಇಳಿಸಿ ನೋಡಿ. ನನಗೆ ಶುರುವಿನಲ್ಲಿ ಬಾರ್ಬರಾ ಒಬ್ಬಳೇ ಹೀಲರ್. ಅವಳ ಸ್ಕಿಲ್ ಹಾಕಿದರೆ ನಮ್ಮ ಮೈಯೇ ಒದ್ದೆಯಾಗುತ್ತದೆ. ಹಿಮದ ಅಬಿಸ್ ಮೇಜ್ (ಮಾಂತ್ರಿಕ ಶತ್ರು) ಎದುರು ಸ್ಕಿಲ್ ಹಾಕಿದೆ. ಅವನ ಒಂದು ಏಟು ಬಿದ್ದಿತು, ಬಾರ್ಬರಾ ಹಾಗೇ ಹೆಪ್ಪುಗಟ್ಟಿ ನಿಂತಳು. ಸ್ಕ್ರೀನ್ ಮೇಲೆ ಬೆರಳು ಕುಟ್ಟಿ ಕುಟ್ಟಿ ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಏಟು. ಮಂಜಿಲ್ಲದ ಕಡೆ ಅದೇ ಬಾರ್ಬರಾ ನನ್ನನ್ನು ತಿಂಗಳುಗಟ್ಟಲೆ ಕಾಪಾಡಿದ್ದಾಳೆ. ಆದರೆ ಸ್ಕಿಲ್ ಮತ್ತೆ ಸಿದ್ಧವಾಗಲು 32 ಸೆಕೆಂಡ್ ಬೇಕು, ಅದನ್ನು ಮರೆಯಬಾರದು.

ಬೆನೆಟ್‌ನ 6ನೇ ಕಾನ್‌ಸ್ಟಲೇಶನ್ (ಅದೇ ಕ್ಯಾರೆಕ್ಟರ್ ಮತ್ತೆ ಸಿಕ್ಕಾಗ ತೆರೆಯಬಹುದಾದ ಹೆಚ್ಚುವರಿ ಬಲ) ಬಗ್ಗೆಯೂ ಯೋಚಿಸಿ ಕೈ ಹಾಕಿ. 15% ಬೆಂಕಿ ಡ್ಯಾಮೇಜ್ ಸಿಗುತ್ತದೆ, ನಿಜ. ಆದರೆ ವೃತ್ತದಲ್ಲಿ ನಿಂತವರ ಕತ್ತಿ, ಭರ್ಜಿಗಳಿಗೆಲ್ಲ ಬೆಂಕಿ ಹತ್ತುತ್ತದೆ. ನನ್ನ ತಂಗಿ ಯೂಲಾ ಅನ್ನುವ ಕ್ಯಾರೆಕ್ಟರ್ ಆಡುತ್ತಾಳೆ, ಯೂಲಾಗೆ ಬೇಕಿರುವುದು ಫಿಸಿಕಲ್ ಡ್ಯಾಮೇಜ್, ಅಂದರೆ ಬೆಂಕಿ ಗಿಂಕಿ ಇಲ್ಲದ ಬರೀ ಆಯುಧದ ಏಟು. ಒಮ್ಮೆ ತೆರೆದರೆ ಮತ್ತೆ ಮುಚ್ಚಲು ಬರುವುದಿಲ್ಲ. ಅದಕ್ಕೇ ತಂಗಿ 5ಕ್ಕೇ ನಿಲ್ಲಿಸಿದ್ದಾಳೆ.

ಇಳಕಲ್‌ನಿಂದ:

ತಮ್ಮಾ, ನಿನ್ನ ಹತ್ತಿರ ಶಾಂಗ್‌ಲಿಂಗ್ ಇದ್ದಾಳಾ? ಇಲ್ಲದಿದ್ದರೆ ಸ್ಪೈರಲ್ ಅಬಿಸ್ (ಆಟದೊಳಗಿನ ಮಹಡಿ ಮಹಡಿ ಕಾದಾಟ) ಅದರ 3ನೇ ಮಹಡಿಯ 3ನೇ ಕೋಣೆ ಮುಗಿಸು, ಪುಕ್ಕಟೆ ಸಿಗುತ್ತಾಳೆ. ಅವಳ ಕೊರತೆ ಒಂದೇ, ಬರ್ಸ್ಟ್‌ಗೆ 80 ಎನರ್ಜಿ ಬೇಕು. ಅದನ್ನು ತುಂಬುವವನೇ ನಿನ್ನ ಬೆನೆಟ್. ಇಬ್ಬರೂ ಬೆಂಕಿಯವರು. ಬೆನೆಟ್ ಸ್ಕಿಲ್ ಒತ್ತು, ಎನರ್ಜಿ ಕಣಗಳು ಹಾರಿ ಬರುವಾಗಲೇ ಶಾಂಗ್‌ಲಿಂಗ್‌ಗೆ ಬದಲಿಸು. ಒಂದೊಂದು ಕಣಕ್ಕೆ ಅವಳಿಗೆ 3 ಸಿಗುತ್ತದೆ. ಬೇರೆ ಎಲಿಮೆಂಟ್ (ನೀರು, ಹಿಮದಂಥದ್ದು) ಆಗಿದ್ದರೆ 1 ಮಾತ್ರ. ಇದಕ್ಕೆ ಬೆರಳಿಗೆ ರೂಢಿ ಬೇಕು, ನನಗೆ ವಾರ ಹಿಡಿಯಿತು.

ಇನ್ನೂ ಒಳ್ಳೆಯ ಸಂಗತಿ ಇದೆ. ವೃತ್ತದೊಳಗೆ ನಿಂತು ಶಾಂಗ್‌ಲಿಂಗ್ ಬರ್ಸ್ಟ್ ಹಾಕಿದರೆ ಆ ಕ್ಷಣದ ಅಟ್ಯಾಕ್ ಅದರಲ್ಲಿ ಉಳಿದುಬಿಡುತ್ತದೆ. ಆಮೇಲೆ ವೃತ್ತದಿಂದ ಹೊರಗೆ ಓಡಿದರೂ ಬೆಂಕಿಯ ಚಕ್ರ ಅದೇ ಬಲದಲ್ಲಿ ಸುತ್ತುತ್ತದೆ. ಬೆನೆಟ್‌ನ ದೊಡ್ಡ ಕೊರತೆ ಅಲ್ಲಿಗೆ ಮುಗಿಯಿತು ನೋಡು.

5 ಸ್ಟಾರ್‌ಗೆ ಕಾಯುವುದು ನಿನ್ನಿಷ್ಟ. ಆದರೆ ಸೊನ್ನೆಯಿಂದ ಶುರು ಮಾಡಿದರೆ ಗ್ಯಾರಂಟಿ ಸಿಗುವುದು 90ನೇ ವಿಶ್‌ಗೆ (ಕ್ಯಾರೆಕ್ಟರ್‌ಗಾಗಿ ಎತ್ತುವ ಲಾಟರಿ). ಒಂದಕ್ಕೆ ಆಟದ ಹಣ 160 ಪ್ರೈಮೊಜೆಮ್, ಒಟ್ಟು 14,400. ಅಷ್ಟು ಕೂಡಿಸುವವರೆಗೆ ಇರುವವರನ್ನು ಸುಮ್ನೆ ಕೂರಿಸಬೇಡ.

ಮುಧೋಳದಿಂದ, ಮೂರು ದಿನದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೆ ಬಿಳಿ ಅಂಕಿ ನೋಡಿದೆ. ನನ್ನ ಬೆನೆಟ್ ಕೈಯಲ್ಲಿ ಇದ್ದದ್ದು 3 ಸ್ಟಾರ್ ಕತ್ತಿ, ಅದರ ಲೆವೆಲ್ಲೂ 40. ಬೇಸ್ ಎಲ್ಲಿಂದ ಬರಬೇಕು? ಪ್ರೊಟೊಟೈಪ್ ರ‍್ಯಾಂಕರ್ ಮಾಡಿಸಿದೆ, ಅದಿರು ಹುಡುಕಲು ಎರಡು ದಿನ ಹಿಡಿಯಿತು. ಗಡಿಯಾರದ ಆರ್ಟಿಫ್ಯಾಕ್ಟ್ ಬದಲಿಸಿದೆ. ಈಗ ಬೆನೆಟ್ ಬರ್ಸ್ಟ್ ಹಾಕಿ ಪಕ್ಕಕ್ಕೆ ಸರಿಯುತ್ತಾನೆ, ಹೊಡೆಯುವವರು ಬೇರೆ. ಮೊದಲು ಒಂದೂವರೆ ನಿಮಿಷ ಹಿಡಿಯುತ್ತಿದ್ದ ಕಾದಾಟ ನಿನ್ನೆ ನಿಮಿಷದೊಳಗೆ ಮುಗಿಯಿತು. ಶಾಂಗ್‌ಲಿಂಗ್ ಇನ್ನೂ ಇಲ್ಲ. ಅಬಿಸ್ 2ನೇ ಮಹಡಿಯಲ್ಲಿದ್ದೇನೆ, ಇವತ್ತು ರಾತ್ರಿ ಮೂರಕ್ಕೆ ಏರುತ್ತೇನೆ.