ತೋಟದ ನೆರಳಿಗೆ, ಅಜ್ಜಿಯ ಅಡುಗೆಮನೆಗೆ ಯಾವ ಸಣ್ಣ ರೇಂಜ್‌ಫೈಂಡರ್ ಕ್ಯಾಮೆರಾ ತಗೊಳ್ಳಲಿ?

ಹೂಮಳೆ, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅಪ್ಪ ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಮನೆಯಲ್ಲಿ ಅಜ್ಜಿ ಇದ್ದಾರೆ, 86 ವರ್ಷ. ಈಗಲೂ ಬೆಳಿಗ್ಗೆ ಐದೂವರೆಗೆ ಎದ್ದು ಒಲೆ ಹಚ್ಚುತ್ತಾರೆ. ಗ್ಯಾಸ್ ಇದೆ, ಆದರೆ ಅಕ್ಕಿ ರೊಟ್ಟಿ ಮಾತ್ರ ಸೌದೆ ಒಲೆಯ ಮೇಲೇ ಆಗಬೇಕು.

ಅಪ್ಪನ ಹತ್ತಿರ ಒಂದು ಎಸ್‌ಎಲ್‌ಆರ್ ಕ್ಯಾಮೆರಾ ಇತ್ತು. ರೀಲು ಹಾಕುವುದು, ಫೋಕಸ್ ಮಾಡುವುದು ಎಲ್ಲ ನಾನು ಕಲಿತದ್ದು ಅದರಲ್ಲೇ. ಅವರು ಹೋದ ವರ್ಷ ಅದನ್ನು ಮುಟ್ಟೋಕೆ ಮನಸ್ಸಾಗಲಿಲ್ಲ. ಚರ್ಮದ ಚೀಲದ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇಡೀ ಮಳೆಗಾಲ ತೆಗೆಯಲಿಲ್ಲ. ದಸರಾ ಹೊತ್ತಿಗೆ ತೆಗೆದು ಬೆಳಕಿಗೆ ಹಿಡಿದರೆ ಲೆನ್ಸ್ ಒಳಗೆ ಜೇಡ ಬಲೆ ಕಟ್ಟಿದ ಹಾಗೆ ಬೂಷ್ಟು. ಬೆಂಗಳೂರಿನ ಒಂದು ಅಂಗಡಿಗೆ ರಿಪೇರಿಗೆ ಕಳಿಸಿದೆ. ಎರಡು ತಿಂಗಳು ಇಟ್ಟುಕೊಂಡು, ಫಂಗಸ್ ಗಾಜನ್ನೇ ತಿಂದಿದೆ ಅಂತ ವಾಪಸ್ ಕಳಿಸಿದರು. ಆ ನೋವು ಇನ್ನೂ ಹೋಗಿಲ್ಲ.

ಈಗ ಮತ್ತೆ ಶುರು ಮಾಡಬೇಕು ಅನ್ನಿಸಿದೆ. ಫೋನ್ ಇದೆಯಲ್ಲ ಅನ್ನಬೇಡಿ. ಅಪ್ಪನ ಫೋಟೋ ಫೋನಿನಲ್ಲಿ ನೂರಾರು ಇದ್ದವು. ಫೋನ್ ಕೆಟ್ಟಾಗ ಅವೂ ಹೋದವು. ಉಳಿದಿರುವುದು ಒಂದೇ ಒಂದು ರೀಲಿನ ನೆಗೆಟಿವ್, 36 ಫೋಟೋ.

ಈ ಸಲ ಸಣ್ಣ ರೇಂಜ್‌ಫೈಂಡರ್ ಬೇಕು, ಅಂದರೆ ಒಳಗೆ ಏಳುವ ಕನ್ನಡಿ ಇಲ್ಲದ, ಕಿಂಡಿಯಲ್ಲಿ ಕಾಣುವ ಜೋಡಿ ಬಿಂಬವನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ. ಕುಯ್ಲಿನ ಸಮಯದಲ್ಲಿ ದಿನವಿಡೀ ಜರ್ಕಿನ್ ಜೇಬಿನಲ್ಲೇ ಇರಬೇಕು. ಇನ್ನೊಂದು ಕಾರಣ ಸದ್ದು. ಎಸ್‌ಎಲ್‌ಆರ್‌ನ ಒಳಗಿನ ಕನ್ನಡಿ ಫೋಟೋ ತೆಗೆಯುವಾಗ ಎದ್ದು ‘ಟಪ್’ ಅಂದ ಕೂಡಲೇ ಅಜ್ಜಿ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತುಬಿಡುತ್ತಾರೆ. ಒಲೆ ಊದುವಾಗಿನ ಅವರ ಮುಖ ನನಗೆ ಒಂದು ಸಲವೂ ಸಿಕ್ಕಿಲ್ಲ.

ಹಾಸನದಲ್ಲಿ ಹಳೇ ಕ್ಯಾಮೆರಾ ಮಾರುವವರೊಬ್ಬರು ಮೂರು ಇದೆ ಅಂದಿದ್ದಾರೆ. ಯಾಶಿಕಾ ಎಲೆಕ್ಟ್ರೋ 35, ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ3, ಒಲಿಂಪಸ್ ಎಕ್ಸ್‌ಎ. ಕೈಯಲ್ಲಿ 15,000 ರೂಪಾಯಿ ಇದೆ. ಮೂರೂ ಅದರೊಳಗೇ ಬರುತ್ತವೆ. ಸಿಲ್ವರ್ ಓಕ್ ನೆರಳು, ಹೊಗೆ ತುಂಬಿದ ಅಡುಗೆಮನೆ, ನಾಲ್ಕು ತಿಂಗಳ ಮಳೆ. ಇದಕ್ಕೆ ಯಾವುದು ಸರಿ?

ಗಾಡಿ ಸವಾರ, ಚಿಕ್ಕಮಗಳೂರು:

ಅಕ್ಕಾ, ಕಣ್ಣು ಮುಚ್ಚಿಕೊಂಡು ಎಕ್ಸ್‌ಎ ತಗೊಳ್ಳಿ. ನಾನು ಐದು ವರ್ಷದಿಂದ ಬಳಸುತ್ತಿದ್ದೇನೆ. ತೂಕ 225 ಗ್ರಾಂ ಅಷ್ಟೇ. 1979ರಲ್ಲಿ ಬಂದದ್ದು. ಮಾಡಿದವರು ಒಲಿಂಪಸ್‌ನ ಯೋಶಿಹಿಸಾ ಮೈತಾನಿ. ಲೆನ್ಸಿಗೆ ಬೇರೆ ಮುಚ್ಚಳ ಇಲ್ಲ. ಮುಂದಿನ ಬಾಗಿಲನ್ನು ಹೆಬ್ಬೆರಳಲ್ಲಿ ಸರಿಸಿದರೆ ಕ್ಯಾಮೆರಾ ರೆಡಿ. ಮುಳ್ಳಯ್ಯನಗಿರಿ ಹತ್ತುವಾಗ ಶರ್ಟ್ ಜೇಬಿನಲ್ಲೇ ಇರುತ್ತದೆ, ಇದೆ ಅಂತಲೇ ಗೊತ್ತಾಗಲ್ಲ. ಶಟರ್ ಸದ್ದು ಪಕ್ಕದಲ್ಲಿ ನಿಂತವರಿಗೂ ಕೇಳಿಸಲ್ಲ.

ಆದರೆ ಒಂದು ಮಾತು. ಅದರ ಕೆಂಪು ಬಟನ್ ತುಂಬಾ ಸೂಕ್ಷ್ಮ. ಬೆರಳು ತಾಗಿದರೆ ಸಾಕು, ಫೋಟೋ ಹೋಯಿತು. ಮೊದಲ ರೀಲಿನಲ್ಲಿ ನನಗೆ ಆರು ಫೋಟೋ ಹಾಗೇ ನಷ್ಟವಾಯಿತು.

ಹಳೇ ಸ್ಟುಡಿಯೋ, ಹಾಸನ:

ತಾಯಿ, ನಾನು ಹಾಸನದಲ್ಲಿ ಮೂವತ್ತು ವರ್ಷ ಸ್ಟುಡಿಯೋ ಇಟ್ಟಿದ್ದವನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ ಎಲ್ಲಾ ಮಾಡಿದ್ದೇನೆ. ನಿನ್ನ ಬರಹ ಓದಿ ಸುಮ್ನೆ ಇರೋಕೆ ಆಗಲಿಲ್ಲ.

ಎಕ್ಸ್‌ಎ ಒಳ್ಳೆಯದು, ಇಲ್ಲ ಅನ್ನಲ್ಲ. ಆದರೆ ನಿನ್ನ ಅಜ್ಜಿಯ ಅಡುಗೆಮನೆಗೆ ಅದು ಸಾಲದು. ಅದರ ಲೆನ್ಸ್ ಪೂರ್ತಿ ತೆರೆದರೂ 2.8. ಈ ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ. ಉಳಿದ ಎರಡರದ್ದು 1.7. ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ ಬೆಳಕು. ಒಂದೇ ಕಿಟಕಿ ಇರುವ ಅಡುಗೆಮನೆಯಲ್ಲಿ 400ರ ರೀಲು (ಕಡಿಮೆ ಬೆಳಕಿಗೂ ಆಗುವಂಥದ್ದು) ಹಾಕಿದರೆ 1.7ರಲ್ಲಿ ಮೂವತ್ತನೇ ಒಂದು ಸೆಕೆಂಡ್ ಹತ್ತಿರ ಶಟರ್ ಸ್ಪೀಡ್ ಸಿಗುತ್ತದೆ. 2.8ರಲ್ಲಿ ಅದು ಹದಿನೈದನೇ ಒಂದಕ್ಕಿಂತಲೂ ನಿಧಾನವಾಗುತ್ತದೆ. ನಿನ್ನ ಕೈ ಗಟ್ಟಿ ಇರಬಹುದು, ರೊಟ್ಟಿ ತಟ್ಟುವ ಅಜ್ಜಿಯ ಕೈ ನಿಲ್ಲಬೇಕಲ್ಲ. ಅದೂ ಅಲ್ಲದೆ ಎಕ್ಸ್‌ಎಯಲ್ಲಿ ಸೆಲ್ ಹೋದರೆ ಕ್ಯಾಮೆರಾನೇ ಹೋದ ಹಾಗೆ.

ಎಲೆಕ್ಟ್ರೋ 1966ರಿಂದ ಬಂದ ಕ್ಯಾಮೆರಾ. ಲೆನ್ಸ್ ಬಹಳ ಚೆಂದ. ನನ್ನ ಹತ್ತಿರವೂ ಇತ್ತು. ಆದರೆ ಜೇಬಿಗೆ ಹೋಗಲ್ಲ, ಮುಕ್ಕಾಲು ಕೇಜಿ ಹತ್ತಿರ ತೂಗುತ್ತದೆ. ಶಟರ್ ಸ್ಪೀಡ್ ಅದೇ ನಿರ್ಧಾರ ಮಾಡುತ್ತದೆ, ಎಷ್ಟು ಅಂತ ನಿನಗೆ ಹೇಳುವುದೂ ಇಲ್ಲ. ಹಳದಿ ದೀಪ ಬಂದರೆ ಕೈ ಅಲುಗುವಷ್ಟು ನಿಧಾನ, ಕೆಂಪು ಬಂದರೆ ಬೆಳಕು ಜಾಸ್ತಿ. ಸೆಲ್ ಹೋದರೆ ಐನೂರನೇ ಒಂದು ಸೆಕೆಂಡ್ ಮಾತ್ರ ಉಳಿಯುತ್ತದೆ. ತೋಟದ ನೆರಳಲ್ಲಿ ಅದರಿಂದ ಏನು ಬರುತ್ತದೆ ಹೇಳು?

ಕ್ಯಾನೊನೆಟ್ ತಗೋ ಅನ್ನುತ್ತೇನೆ ನಾನು. ಈ ಜಿ3 ಬಂದದ್ದು 1972ರಲ್ಲಿ. 40 ಎಂಎಂ ಲೆನ್ಸ್. ಸೆಲ್ ಇದ್ದರೆ ನೀನು ಸ್ಪೀಡ್ ಇಟ್ಟರೆ ಸಾಕು, ಅಪರ್ಚರ್, ಅಂದರೆ ಲೆನ್ಸ್ ಎಷ್ಟು ತೆರೆಯಬೇಕು ಅನ್ನುವುದು, ಅದೇ ಹಾಕಿಕೊಳ್ಳುತ್ತದೆ. ಸೆಲ್ ಸತ್ತರೂ ಕಾಲು ಸೆಕೆಂಡಿನಿಂದ ಐನೂರನೇ ಒಂದರವರೆಗೆ ಎಲ್ಲಾ ಸ್ಪೀಡೂ ನಡೆಯುತ್ತವೆ. ಕೈಯಿಂದ ಇಟ್ಟಾಗ ಒಳಗಿನ ಮೀಟರ್ ಮಾತ್ರ ಕೆಲಸ ಮಾಡಲ್ಲ, ಬೆಳಕನ್ನು ನೀನೇ ಅಂದಾಜು ಮಾಡಬೇಕು. ಅದು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. 400ರ ರೀಲಿಗೆ ಸುಡುಬಿಸಿಲಲ್ಲಿ 500, ಅಪರ್ಚರ್ 16. ಅಲ್ಲಿಂದ ನೆರಳಿಗೆ ಇಳಿಯುತ್ತಾ ಬಾ. ನಿಮ್ಮ ಕಡೆ ದಟ್ಟ ಮರದ ಕೆಳಗೆ ನಾನು 125, 2.8 ಇಟ್ಟು ತೆಗೆಯುತ್ತಿದ್ದೆ, ಕೆಟ್ಟದ್ದು ಕಡಿಮೆ.

ಆದರೆ ಹೆಸರು ನೋಡಿ ದುಡ್ಡು ಕೊಡಬೇಡ. ಐವತ್ತು ವರ್ಷದ ವಸ್ತು. ಆ ಒಂದು ಕ್ಯಾಮೆರಾ ಹೇಗಿದೆ ಅನ್ನುವುದೇ ಮುಖ್ಯ. ಹಿಂದಿನ ಬಾಗಿಲು ತೆಗೆ. ಸ್ಪೀಡ್ ಬಿ ಗೆ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ) ಇಟ್ಟು, ಅಪರ್ಚರ್ ಪೂರ್ತಿ ತೆಗೆದು, ಬಟನ್ ಒತ್ತಿ ಹಿಡಿದು, ಮುಂದಿನಿಂದ ಫೋನಿನ ಟಾರ್ಚ್ ಬಿಡು. ಬಲೆ, ಮಂಜು ಕಂಡರೆ ಅಲ್ಲೇ ಇಟ್ಟು ಬಾ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಆಮೇಲೆ ಕಾಲು ಸೆಕೆಂಡಿಗೆ ಇಟ್ಟು ಹತ್ತು ಸಲ ಒತ್ತು. ಶಟರ್ ರೆಕ್ಕೆಗಳ ಮೇಲೆ ಎಣ್ಣೆ ಇಳಿದಿದ್ದರೆ ಮೊದಲ ಸಲವೇ ಅಂಟಿಕೊಳ್ಳುತ್ತದೆ, ನಾಲ್ಕು ಸಲ ಒತ್ತಿದ ಮೇಲೆ ಬಿಡುತ್ತದೆ. ಮಾರುವವರು ನಿನಗೆ ತೋರಿಸುವ ಮೊದಲೇ ಒತ್ತಿ ಇಟ್ಟಿರಬಹುದು. ಅದಕ್ಕೇ ಹೋದ ತಕ್ಷಣ ಒಂದು ಸಲ, ಟೀ ಕುಡಿದು ಬಂದು ಇನ್ನೊಂದು ಸಲ ನೋಡು.

ಬೇಲೂರು ಮೇಷ್ಟ್ರು:

ಸ್ಟುಡಿಯೋ ಅಣ್ಣ ಹೇಳಿದ್ದು ಸರಿ. ನಾನೂ ಒಂದೆರಡು ಮಾತು ಸೇರಿಸುತ್ತೇನೆ. ನನ್ನದೂ ಕ್ಯಾನೊನೆಟ್. ಚೆನ್ನಕೇಶವ ಗುಡಿಯ ನವರಂಗದ ಒಳಗೆ, ಕಂಬದ ಪಕ್ಕ ಉಸಿರು ಹಿಡಿದು ನಿಂತು ಹದಿನೈದನೇ ಒಂದರಲ್ಲಿ ತೆಗೆದಿದ್ದೇನೆ. ಕಂಬದ ತಿರುಗಣೆಯ ಗೆರೆ ಗೆರೆಯೂ ಬಂದಿದೆ. ಕನ್ನಡಿ ಏಳುವುದಿಲ್ಲ, ಅದಕ್ಕೇ ಕೈ ಅದುರುವುದಿಲ್ಲ.

ಆದರೆ ಹೊರಗಿನ ಮದನಿಕೆಯರು ಈ ಕ್ಯಾಮೆರಾಗೆ ಸಿಗಲ್ಲ. ಸೂರಿನ ಕೆಳಗೆ ಅಷ್ಟು ಎತ್ತರದಲ್ಲಿದ್ದಾರೆ, 40 ಎಂಎಂನಲ್ಲಿ ಹೆಬ್ಬೆರಳಷ್ಟು ಕಾಣುತ್ತಾರೆ. ಲೆನ್ಸ್ ಬದಲಿಸೋಕೆ ಆಗಲ್ಲ. ಹತ್ತಿರಕ್ಕೂ ಮಿತಿ ಇದೆ, 80 ಸೆಂಟಿಮೀಟರ್. ಕಾಫಿ ಹೂವು ಒಂದೇ ಒಂದು ತುಂಬಾ ಕಾಣಬೇಕು ಅಂದರೆ ಆಗುವುದಿಲ್ಲ. ಹೂಮಳೆ ಬಿದ್ದು ಗಿಡವೆಲ್ಲ ಬೆಳ್ಳಗಾದಾಗ ಇಡೀ ಸಾಲು ತೆಗೆಯಬಹುದು. ಜನರ ಕ್ಯಾಮೆರಾ ಇದು. ಮಾತಾಡುವಷ್ಟು ದೂರದಲ್ಲಿ ಕೂತವರ ಮುಖಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಕ್ಯಾನೊನೆಟ್ ಸರಿ ಇಲ್ಲದಿದ್ದರೆ ಒಲಿಂಪಸ್ 35 ಆರ್‌ಸಿ ಹುಡುಕಿ. ಲೆನ್ಸ್ 2.8 ಆದರೂ ಇನ್ನೂ ಸಣ್ಣದು, ಸೆಲ್ ಇಲ್ಲದೆಯೂ ನಡೆಯುತ್ತದೆ.

ಹೂಮಳೆ, ಮೂಡಿಗೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟುಡಿಯೋ ಸರ್, ನೀವು ಬರೆದದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಎರಡು ಅನುಮಾನ. ಕ್ಯಾನೊನೆಟ್‌ನ ಪಾದರಸದ ಸೆಲ್ ಈಗ ಬರುವುದೇ ಇಲ್ಲವಂತೆ, ಹೌದಾ? ಮತ್ತೆ ಈ ಫಂಗಸ್. ತಗೊಂಡು ಮತ್ತೆ ಹಾಗೇ ಆದರೆ ನನಗೆ ತಡೆದುಕೊಳ್ಳೋಕೆ ಆಗಲ್ಲ.

ಹಳೇ ಸ್ಟುಡಿಯೋ, ಹಾಸನ:

ಹೌದು ಕಣಮ್ಮ, ಆ 1.35 ವೋಲ್ಟಿನ ಸೆಲ್ ನಿಂತುಹೋಯಿತು. ಈಗಿನ 1.5 ವೋಲ್ಟಿನದು ಹಾಕಿದರೆ ಮೀಟರ್‌ಗೆ ಬೆಳಕು ಜಾಸ್ತಿ ಇರುವ ಹಾಗೆ ಕಂಡು ಫೋಟೋ ಕಪ್ಪಾಗುತ್ತದೆ. ಕಿವಿ ಮಷಿನ್‌ಗೆ ಹಾಕುವ 675 ಸೆಲ್ ತಗೋ. ಅದು 1.4 ವೋಲ್ಟ್, ಹೆಚ್ಚು ಕಡಿಮೆ ಸರಿಹೋಗುತ್ತದೆ. ಅಗಲ ಕಡಿಮೆ, ಸುತ್ತ ಒಂದು ರಬ್ಬರ್ ರಿಂಗ್ ಹಾಕು. ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಬಳಸಿದರೂ ಬಿಟ್ಟರೂ ಒಂದೆರಡು ತಿಂಗಳಷ್ಟೇ ಆಯಸ್ಸು.

ಫಂಗಸ್ ಬಗ್ಗೆ. ನಿನ್ನ ಅಪ್ಪನ ಕ್ಯಾಮೆರಾ ಕೆಡಿಸಿದ್ದು ಆ ಚರ್ಮದ ಚೀಲ ಮತ್ತು ಕತ್ತಲೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡು. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಸಲ ಶಟರ್ ಒತ್ತು. ರೀಲು ಇಲ್ಲದಿದ್ದರೂ ಪರವಾಗಿಲ್ಲ. ನಿನ್ನ ಮೇಲೆ ತಪ್ಪು ಹಾಕಿಕೊಳ್ಳಬೇಡ. ಮಲೆನಾಡಿನಲ್ಲಿ ಎಷ್ಟು ಮನೆಯಲ್ಲಿ ಹೀಗಾಗಿದೆಯೋ.

ಹೂಮಳೆ, ಮೂಡಿಗೆರೆ:

ಶನಿವಾರ ಹಾಸನಕ್ಕೆ ಹೋಗಿದ್ದೆ. ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು ಬೇಲೂರಿನ ಮೇಲೆ ಹೋದೆ. ಚೀಟಿ ಜೇಬಿನಲ್ಲಿತ್ತು.

ಮೊದಲು ಎಲೆಕ್ಟ್ರೋ ಕೈಗೆ ಕೊಟ್ಟರು. ನೋಡೋಕೆ ತುಂಬಾ ಚೆನ್ನಾಗಿತ್ತು. ಜರ್ಕಿನ್ ಜೇಬಿಗೆ ಹಾಕಿದೆ, ಅರ್ಧಕ್ಕೇ ನಿಂತಿತು. ಎಕ್ಸ್‌ಎ ಅಂಗೈಯಲ್ಲಿ ಕೂತುಬಿಟ್ಟಿತು. ನಿಜ ಹೇಳುತ್ತೇನೆ, ಗಾಡಿ ಸವಾರರೇ, ಒಂದು ಕ್ಷಣ ಅದೇ ಸಾಕು ಅನ್ನಿಸಿತು. ಆದರೆ ಅದರೊಳಗಿನ ಫೋಕಸ್ ಚೌಕ ಎಷ್ಟು ಮಸುಕು ಅಂದರೆ, ಅಂಗಡಿಯ ಟ್ಯೂಬ್‌ಲೈಟಿನಲ್ಲೇ ಹುಡುಕಬೇಕಾಯಿತು. ನಮ್ಮ ಅಡುಗೆಮನೆಯಲ್ಲಿ ಕಾಣುತ್ತಲೇ ಇರಲಿಲ್ಲ.

ಕ್ಯಾನೊನೆಟ್ ಕೊನೆಗೆ. ಟಾರ್ಚ್ ಬಿಟ್ಟು ನೋಡಿದೆ. ಮುಂದಿನ ಗಾಜಿನ ಅಂಚಿನಲ್ಲಿ ಸಣ್ಣ ಗೀರು, ಒಳಗೆ ಒಂದೆರಡು ಧೂಳು. ಬಲೆ ಇಲ್ಲ. ಕಾಲು ಸೆಕೆಂಡಿಗೆ ಮೊದಲ ಸಲವೇ ಸರಿಯಾಗಿ ತೆಗೆದು ಮುಚ್ಚಿತು. ಟೀ ಕುಡಿದು ಬಂದು ಮತ್ತೆ ಒತ್ತಿದೆ, ಹಾಗೇ ಇತ್ತು. ಆಮೇಲೆ ಹೊರಗೆ ರಸ್ತೆಗೆ ಬಂದು ದೂರದ ನೀರಿನ ಟ್ಯಾಂಕ್ ನೋಡಿದೆ. ಹಳದಿ ಫೋಕಸ್ ಚೌಕದೊಳಗೆ ಟ್ಯಾಂಕಿನ ಎರಡು ಬಿಂಬ ನಿಧಾನಕ್ಕೆ ಹತ್ತಿರ ಬಂದು, ಫೋಕಸ್ ರಿಂಗಿನ ಕೊನೆಯ ಗುರುತಿನಲ್ಲಿ ಸರಿಯಾಗಿ ಒಂದಾದವು. ಮೇಲೆ ಕೆಳಗೆ ವ್ಯತ್ಯಾಸವೂ ಇರಲಿಲ್ಲ.

ಒಂದೇ ದೋಷ. ಬೆಳಕು ಒಳಗೆ ನುಗ್ಗದ ಹಾಗೆ ಹಿಂದಿನ ಬಾಗಿಲಿನ ಸುತ್ತ ಇರುವ ಕಪ್ಪು ಸ್ಪಂಜು ಕರಗಿ ಟಾರಿನ ಹಾಗೆ ಆಗಿತ್ತು. ಬೆರಳಿಗೆ ಅಂಟಿ ಬಸ್ಸಿನಲ್ಲಿ ಮನೆಯವರೆಗೂ ಹೋಗಲಿಲ್ಲ. ಅದನ್ನು ತೋರಿಸಿ ಬೆಲೆ ಕೇಳಿದೆ. 13,500ಕ್ಕೆ ಒಪ್ಪಿದರು.

ಆ ಸ್ಪಂಜಿಗೆ ಏನು ಮಾಡಲಿ?

ಬೇಲೂರು ಮೇಷ್ಟ್ರು:

ಬಹಳ ಸಂತೋಷ! ಸ್ಪಂಜಿಗೆ ಹೆದರಬೇಡಿ. ಕಡ್ಡಿಗೆ ಹತ್ತಿ ಸುತ್ತಿ ಸ್ಪಿರಿಟ್‌ನಲ್ಲಿ ಅದ್ದಿ ಹಳೆಯದನ್ನೆಲ್ಲ ತೆಗೆಯಿರಿ. ಚೂರು ಶಟರ್ ಕಡೆ ಬೀಳದ ಹಾಗೆ ಕ್ಯಾಮೆರಾ ಬಗ್ಗಿಸಿ ಹಿಡಿಯಿರಿ. ಆ ಸಣ್ಣ ಕಾಲುವೆಯೊಳಗೆ ಕಪ್ಪು ಉಲ್ಲನ್ ದಾರ ಕೂರಿಸಿ. ಸ್ವೆಟರ್ ಹೆಣೆಯುವ ದಾರವೇ ಸಾಕು. ನನ್ನದರಲ್ಲಿ ಎಂಟು ವರ್ಷದಿಂದ ಅದೇ ಇದೆ, ಒಂದು ಗೆರೆ ಬೆಳಕೂ ನುಗ್ಗಿಲ್ಲ.

ಹೂಮಳೆ, ಮೂಡಿಗೆರೆ:

ಆಯಿತು ಮೇಷ್ಟ್ರೇ. ಕಪ್ಪು ದಾರ ಅಜ್ಜಿಯ ಡಬ್ಬಿಯಲ್ಲೇ ಸಿಕ್ಕಿತು, ಅಪ್ಪನ ಸ್ವೆಟರ್ ಹೆಣೆದು ಉಳಿದದ್ದು. ಕೂರಿಸೋಕೆ ಎರಡು ಗಂಟೆ ಹಿಡಿಯಿತು. ಅಜ್ಜಿ ಪಕ್ಕದಲ್ಲೇ ಕೂತು, ಸೂಜಿಯ ಹಿಂಬದಿಯಿಂದ ಒತ್ತು ಅಂತ ಹೇಳಿಕೊಟ್ಟರು.

ಇವತ್ತು ಬೆಳಿಗ್ಗೆ 400ರ ಕಪ್ಪು-ಬಿಳುಪು ರೀಲು ಹಾಕಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಒಂಬತ್ತು ಫೋಟೋ ತೆಗೆದೆ. ಮೂವತ್ತನೇ ಒಂದು, 1.7. ಅಜ್ಜಿ ಒಲೆ ಊದುತ್ತಲೇ ಇದ್ದರು. ಕೊನೆಗೆ ತಿರುಗಿ, ಯಾವಾಗ ತೆಗೀತೀಯೇ ಅಂತ ಕೇಳಿದರು.

ಇನ್ನು 27 ಉಳಿದಿವೆ.