‘ಸ್ಟ್ರೇಂಜರ್’ ಎಂದರೆ ಅಪರಿಚಿತನೋ, ಹೊರಗಿನವನೋ?

ಪ್ರಶ್ನೆ:
ಇಂಗ್ಲೆಂಡಿನ ನಾರಿಚ್ ಪಟ್ಟಣದ ನೇಕಾರರ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕುಸಿಯುತ್ತಿದ್ದ ಬಟ್ಟೆ ಉದ್ಯಮಕ್ಕೆ ಚೇತರಿಕೆ ಸಿಗಲೆಂದು 1565ರಲ್ಲಿ ಆ ಊರು ಇಂದಿನ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಕಡೆಯ 30 ನೇಕಾರ ಕುಟುಂಬಗಳನ್ನು ಕರೆಸಿಕೊಂಡಿತು. ಅವರಿಗೆ ‘ಸ್ಟ್ರೇಂಜರ್ಸ್’ ಎಂಬ ಹೆಸರೇ ನಿಂತಿತು. ನಾನು ‘ಅಪರಿಚಿತರು’ ಎಂದು ಬರೆದೆ. ಆದರೆ ಪಕ್ಕದ ಬೀದಿಯಲ್ಲೇ ಮಗ್ಗ ಹೂಡಿಕೊಂಡು ದಿನವೂ ಸಂತೆಯಲ್ಲಿ ಎದುರಾಗುವವರು ವರ್ಷಗಳು ಕಳೆದ ಮೇಲೂ ಅಪರಿಚಿತರಾಗಿಯೇ ಉಳಿಯುವುದು ಹೇಗೆ?

ಉತ್ತರ 1:
ನಿಮ್ಮ ಅನುಮಾನ ಸರಿಯಾಗಿದೆ. ಈ ಪದ 14ನೆಯ ಶತಮಾನದಲ್ಲಿ ಹಳೆಯ ಫ್ರೆಂಚಿನ ‘ಎಸ್ತ್ರಾಂಜಿಯೇರ್’ ಎಂಬುದರಿಂದ ಇಂಗ್ಲಿಷಿಗೆ ಬಂತು. ಅದರ ಹಿಂದೆ ಲ್ಯಾಟಿನ್ನಿನ ‘ಎಕ್ಸ್‌ಟ್ರಾನೇಯುಸ್’, ಅದಕ್ಕೂ ಹಿಂದೆ ‘ಹೊರಗೆ’ ಎಂಬರ್ಥದ ‘ಎಕ್ಸ್‌ಟ್ರಾ’ ಇದೆ. ಹೋಟೆಲಿನಲ್ಲಿ ನಾವು ಕೇಳುವ ಎಕ್ಸ್‌ಟ್ರಾ ಚಟ್ನಿಯ ಬೇರೂ ಇದೇ. ಹೀಗಾಗಿ ಸ್ಟ್ರೇಂಜರ್ ಎಂದರೆ ಮೊದಲಿಗೆ ಹೊರಗಿನಿಂದ ಬಂದವನು. ಮುಖಪರಿಚಯ ಇದೆಯೋ ಇಲ್ಲವೋ ಎಂಬ ಮಾತು ಆ ಬೇರಿನಲ್ಲಿಲ್ಲ. ಇಂದಿನ ಫ್ರೆಂಚಿನಲ್ಲಿಯೂ ‘ಎತ್ರಾಂಜೇ’ ಎಂದರೆ ವಿದೇಶೀಯ ಎಂಬ ಅರ್ಥವೇ ಮುಂದಿದೆ.

ಉತ್ತರ 2:
ಬ್ರಿಟನ್ನಿನ ಕೆಳಮನೆಯಲ್ಲಿ ಸದಸ್ಯರೂ ಅಧಿಕಾರಿಗಳೂ ಅಲ್ಲದವರೆಲ್ಲ 2004ರವರೆಗೆ ಅಧಿಕೃತವಾಗಿ ‘ಸ್ಟ್ರೇಂಜರ್ಸ್’ ಆಗಿದ್ದರು. ಸದಸ್ಯರೊಬ್ಬರ ಸ್ವಂತ ಹೆಂಡತಿ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದರೂ ಸಭೆಯ ಲೆಕ್ಕದಲ್ಲಿ ಆಕೆ ಸ್ಟ್ರೇಂಜರ್. ಅಲ್ಲಿ ‘ಅಪರಿಚಿತೆ’ ಎಂದು ಅನುವಾದಿಸಿದರೆ ಅರ್ಥವೇ ಕೆಡುತ್ತದೆ.

ಉತ್ತರ 3:
ಹಾಗೆಂದು ‘ಅಪರಿಚಿತ’ವನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಸ್ಟ್ರೇಂಜರ್‌ಗಳ ಜೊತೆ ಹೋಗಬೇಡ ಎಂದು ಮಕ್ಕಳಿಗೆ ಹೇಳುವಾಗ ‘ಗುರುತು ಪರಿಚಯ ಇಲ್ಲದವರು’ ಎಂಬುದೇ ಸರಿಯಾದ ಮಾತು. ನಿಮ್ಮ ಲೇಖನಕ್ಕೆ ‘ಪರಸ್ಥಳದವರು’ ಅಥವಾ ‘ಹೊರನಾಡಿನವರು’ ಹೊಂದುತ್ತದೆ. ‘ಪರದೇಶಿ’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ. ಅಕ್ಷರಾರ್ಥದಲ್ಲಿ ಅದು ಬಹಳ ಹತ್ತಿರದ ಪದವೇ, ಆದರೆ ನಮ್ಮ ಆಡುಮಾತಿನಲ್ಲಿ ‘ಅವನು ಪರದೇಶಿಯಾಗಿಬಿಟ್ಟ’ ಎಂದರೆ ಹಿಂದೆಮುಂದೆ ಯಾರೂ ಇಲ್ಲದ ನಿರ್ಗತಿಕನಾದ ಎಂದಾಗುತ್ತದೆ. ಕಸುಬು ಬಲ್ಲವರೆಂದು ಒಂದು ಊರೇ ಕರೆಸಿಕೊಂಡವರಿಗೆ ಆ ದೈನ್ಯ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ‘ಹೊರನಾಡಿನ ನೇಕಾರರು’ ಎಂದು ತಿದ್ದಿಕೊಂಡಿದ್ದೇನೆ. ಮೊದಲ ಸಲ ಬರುವಲ್ಲಿ ಮಾತ್ರ ಮೂಲಪದವನ್ನೂ ಉಳಿಸುತ್ತೇನೆ, ಏಕೆಂದರೆ ಆ ಊರಿನ ವಸ್ತುಸಂಗ್ರಹಾಲಯವೊಂದರ ಹೆಸರು ಇಂದಿಗೂ ‘ಸ್ಟ್ರೇಂಜರ್ಸ್ ಹಾಲ್’.